ಒಂದು ಸಾಲಿನ ಕೆಮ್ಮು

"ಹಲೋ... ಹಲೋ... ಯಾರ್ರಿ ಮಾತಾಡಾಕತ್ತೀರಿ? ಅಮ್ಮನೋರಾ? ಹಾಂ, ನಾನ್ರಿ, ಹುಮನಾಬಾದಿನ ತುಳಜಾಬಾಯಿ... ಅಯ್ಯನೋರು ಹೊರಗ ಹೋಗ್ಯಾರೇನ್ರಿ?... ಹೋಗ್ಲಿ ಬಿಡ್ರಿ. ನಿಮ್ಮ ಜೋಡೀನೇ ಮಾತಿತ್ತು."

ಅಯ್ಯನವರು ಮನೆಯಲ್ಲಿಲ್ಲ ಎಂದು ತಿಳಿದದ್ದೇ ತುಳಜಾಬಾಯಿಗೆ ಜೀವ ಬಂದಂತಾಯಿತು. ಬಸವಕಲ್ಯಾಣದ ಸಭೆಯ ಪಾದ್ರಿಯ ಎದುರು ಆಡಲಾಗದ ಮಾತನ್ನು ಅವರ ಹೆಂಡತಿಯ ಕಿವಿಗೆ ಹಾಕಬಹುದು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಸೆರಗಿನ ಗಂಟಿನಿಂದ ಒಂದು ಚಿಕ್ಕ ಕಾರ್ಡು ತೆಗೆದಳು.

"ಏನಿಲ್ರಿ, ಹೊಸ ವರ್ಷದ ದಿನ ಚರ್ಚಿನ್ಯಾಗ ತಾಟಿನ ತುಂಬ ವಚನದ ಕಾರ್ಡ್ ಇಟ್ಟಿದ್ರಲ್ಲ, ಕಣ್ಣು ಮುಚ್ಚಿ ಮನಿಗೊಂದು ಎತ್ಗೋರಿ, ಎರಡು ಸಾವಿರದ ಒಂದನೇ ಇಸವಿಗೆ ದೇವರು ನಿಮಗ ಕೊಟ್ಟ ಮಾತು ಅಂತ?... ಹಾಂ, ಅದೇ. ಅದನ್ನ ಬದಲಿ ಮಾಡಿ ಕೊಡ್ತೀರೇನ್ರಿ?"

"... ನಗಬ್ಯಾಡ್ರಿ! ಬಟ್ಟಿ ಅಂಗಡ್ಯಾಗ ಸೀರಿ ಸೈತ ಬದಲಿ ಮಾಡಿ ಕೊಡ್ತಾರ."

"... ಏನದ ಅಂದ್ರ... ಮನಸ್ಸು ಕಲ್ಲು ಮಾಡ್ಕೋಬ್ಯಾಡ, ದೇವರಿಗಿ ತಿರುಗಿ ಬೀಳಬ್ಯಾಡ ಅಂತ ಅದರಿ. ಇದೇನು ವರ್ಷದ ಮಾತಾ? ಬೈದಂಗ ಅದ! ಮಂದಿಗಿ ಕಣಜ ತುಂಬ್ತೀನಿ, ಕೈ ಹಿಡೀತೀನಿ ಅಂತ ಬರ್ತದ. ಬಾಜೂ ಮನಿ ಅಂಬುಬಾಯಿಗಿ ಕಣಜದ್ದೇ ಬಂದದಂತ, ಓಣಿ ತುಂಬ ಹೇಳ್ಕೊಂಡು ತಿರುಗಾಕತ್ತಾಳ."

"... ನಾನಾ? ಕೇಳಿದವರಿಗಿ ಏನು ಹೇಳೀನಿ ಅಂದ್ರ... ಹದ್ದಿನಂಗ ರೆಕ್ಕಿ ಬರ್ತಾವ ಅನ್ನೂದು ಬಂದದ ಅಂತ ಹೇಳೀನಿ. ಸುಳ್ಳಲ್ರಿ! ಹೋದ ವರ್ಷ ಅದೇ ಬಂದಿತ್ತು."

"... ತಿರುಗಿ ಬೀಳಾಕ ನಾ ಏನು ಮಾಡೀನ್ರಿ? ಒಂದು ಐತವಾರ ತಪ್ಪಿಸೀನಾ? ಇಲ್ಲಿಂದ ಬಸ್ಸಿಗಿ ಬಂದು ಕೂಡ್ತೀನಿ, ಪ್ರಾರ್ಥನಾ ಹೇಳ್ತೀನಿ... ಕೆಮ್ಮಾ? ಯಾವ ಕೆಮ್ಮು?"

ಕಾರ್ಡು ಕೈಯಿಂದ ಜಾರಿ ಮಡಿಲಿಗೆ ಬಿತ್ತು. ಸಭೆಯೆಲ್ಲ ಸೇರಿ ಕರ್ತನ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದರೆ ಸಾಕು, ನಾಲ್ಕು ವರ್ಷದಿಂದ ತುಳಜಾಬಾಯಿಗೆ ಕೆಮ್ಮು ಬರುತ್ತಿತ್ತು. ಆ ಸಾಲು ದಾಟಿದ್ದೇ ತಡ, ಗಂಟಲು ಖಣಖಣ. ಹೆಂಗಸರ ಹಿಂದೆ ಜಮಖಾನದ ತುದಿಯಲ್ಲಿ ಕೂತರೆ ಯಾರಿಗೆ ಗೊತ್ತಾದೀತು ಎಂದುಕೊಂಡಿದ್ದಳು.

"ಧೂಳಿಂದು ಇರಬೇಕ್ರಿ... ಧೂಳು ಅದೊಂದೇ ಸಾಲಿಗಿ ಬರ್ತದೇನು ಅಂತೀರಾ?... ಆತು, ನಿಮ್ಮ ಮುಂದ ಏನು ಮುಚ್ಚಲಿ. ನನ್ನ ನೆಗೆಣ್ಣಿ, ಭಾವನ ಹೆಂಡತಿ ಕಮಳಾಬಾಯಿಂದೇ ರಿ. ಅತ್ತಿ ತೀರಿಕೊಂಡ ಮೂರನೇ ದಿನಕ್ಕ, ಅತ್ತಿ ರೊಟ್ಟಿ ಹಂಚು ಎತ್ಕೊಂಡು ಹೋದಳು. ಅದು ನಿನಗೇ ಅಂತ ಅತ್ತಿ ನನಗ ಅಂದಿದ್ಲು... ಸಾಕ್ಷಿನಾ? ದೇವರೇ ಸಾಕ್ಷಿ! ಅದಕ್ಕೇ ದೇವರಿಗೂ ಹೇಳಿಬಿಟ್ಟೀನಿ: ಉಪವಾಸ ಅಂದ್ರ ಉಪವಾಸ, ಕಾಣಿಕಿ ಅಂದ್ರ ಕಾಣಿಕಿ, ಎಲ್ಲಾ ನೀ ಹೇಳಿದಂಗ ಕೇಳ್ತೀನಿ. ಹಂಚಿನ ಸುದ್ದಿಗಿ ಮಾತ್ರ ನೀ ಬರಬ್ಯಾಡ."

"... ಇದಕ್ಕೇ ತಿರುಗಿ ಬೀಳೂದು ಅಂತಾರಾ?... ಅಮ್ಮನೋರ, ನೀವೂ ಕಾರ್ಡಿನಂಗೇ ಮಾತಾಡಾಕತ್ತೀರಿ ನೋಡ್ರಿ."

"... ಹಾಂ? ಏನಂದ್ರಿ? ಎಲ್ಲಾರಿಗೂ ಇದೇನಾ? ಪ್ರೆಸ್ಸಿನವ ನೂರಕ್ಕ ನೂರು ಕಾರ್ಡಿನ ಮ್ಯಾಲೂ ಒಂದೇ ವಚನ ಛಾಪ್ಸಿ ಕಳಿಸ್ಯಾನಾ?... ಅಂದ್ರ ಅಂಬುಬಾಯಿ ಕಣಜ?... ಹೋ ಹೋ! ಬದಲಿ ಮಾಡ್ರಿ ಅಂತ ಅಕಿನೂ ಫೋನ್ ಹಚ್ಚಿದ್ಲಾ? ಒಟ್ಟು ಎಷ್ಟು ಮಂದಿ?... ಮೂವತ್ತೆಂಟು ಮನೀನಾ! ಅಯ್ಯಯ್ಯ, ನಮ್ಮ ಸಭಾ ಅನ್ನೂದು ಕಲ್ಲಿನ ಖಣಿ ಆತಲ್ರಿ!"

ತುಳಜಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೇವರು ತನ್ನೊಬ್ಬಳನ್ನೇ ಹುಡುಕಿ ಬೈದಿಲ್ಲ ಎನ್ನುವ ನೆಮ್ಮದಿ ಅದು. ಆದರೆ ಆ ನೆಮ್ಮದಿ ಬಹಳ ಹೊತ್ತು ಬಾಳಲಿಲ್ಲ.

"... ಒಬ್ಬಾಕಿ ಮಾತ್ರ ಬದಲಿ ಬ್ಯಾಡ ಅಂದಳಾ? ಯಾರ್ರಿ?... ಕಮಳಾಬಾಯಿ?... ಇದು ನನಗಂತೇ ಬಂದದ ಅಂದ್ಲಾ... ಹಾಂ... ಮತ್ತ?... ಮುಂಜಾನಿ ಬಸ್ಸಿಗಿ ಹೋಗ್ಯಾಳಾ? ಎಲ್ಲಿಗಿ?... ಹುಮನಾಬಾದಕ್ಕ ಯಾಕ್ರಿ? ಇಲ್ಲಿ ಅಕಿದು ಏನದ?... ಬ್ಯಾಡ್ರಿ, ಬ್ಯಾಡ್ರಿ! ಹಿರೇಕಿ ತಾನ ನನ್ನ ಬಾಗಲಿಗಿ ಬರೂದಾ? ನಾ ಮನ್ಯಾಗಿಲ್ಲ, ಚಿಟಗುಪ್ಪಕ್ಕ ಹೋಗೀನಿ ಅಂತ ಯಾರ ಕಡಿಂದಾದ್ರೂ ಹೇಳಿ..."

ಕಿಟಕಿಯಾಚೆ ಆಟೋದಿಂದ ಕಮಳಾಬಾಯಿ ಇಳಿಯುತ್ತಿದ್ದಳು. ನಾಲ್ಕು ವರ್ಷದಿಂದ ಚರ್ಚಿನಲ್ಲೂ ಅವಳತ್ತ ಮುಖ ತಿರುಗಿಸದ ತುಳಜಾಬಾಯಿಗೆ, ಅವಳ ಕೂದಲು ಅರ್ಧ ನರೆತದ್ದು ಈಗ ಕಂಡಿತು. ಕಂಕುಳಲ್ಲಿ, ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿದ, ದುಂಡನೆಯ ಭಾರದ ಗಂಟೊಂದಿತ್ತು.

"ಬಂದಳ್ರಿ... ಹಂಚು ತಂದಾಳ... ಇನ್ನ ನಾ ಯಾವ ನೆಪಕ್ಕ ಸಿಟ್ಟು ಮಾಡ್ಲಿ, ನೀವೇ ಹೇಳ್ರಿ?... ಹಾಂ, ಕದ ಬಡ್ಯಾಕತ್ತಾಳ. ತುಳಜಾ ಅಂತ ಕರ್ಯಾಕತ್ತಾಳ..."

"... ಏನು? ಆ ಸಾಲಾ? ಈಗಾ?... ನಿಮ್ಮ ಮುಂದೇನಾ?"

ತುಳಜಾಬಾಯಿ ಬಾಯಿ ತೆರೆದಳು. ಅಭ್ಯಾಸದಂತೆ ಕೆಮ್ಮು ಬರಲಿ ಎಂದು ಒಂದು ಕ್ಷಣ ಕಾದಳು. ಅದು ಬರಲಿಲ್ಲ.

"ನಮಗ ತಪ್ಪು ಮಾಡಿದವರನ್ನ... ತಪ್ಪು ಮಾಡಿದವರನ್ನ ನಾವು... ನಾವು ಹ್ಯಾಂಗ..."

"... ಇಲ್ರಿ, ಅಮ್ಮನೋರ... ಇಲ್ರಿ... ಇದು ಕೆಮ್ಮಲ್ರಿ... ಬಂದೆ ಅಕ್ಕಾ, ತಡಿ, ಬಂದೆ..."

ರಿಸೀವರು ಸ್ಟೂಲಿನ ಮೇಲೆ ಮಗುಚಿ ಬಿತ್ತು. ಬಸವಕಲ್ಯಾಣದಲ್ಲಿ ಅಮ್ಮನವರ ಕಿವಿಗೆ, ಚಿಲಕ ಸರಿದ ಸದ್ದು ಕೇಳಿತು. ಲೈನು ಕಟ್ಟಾಯಿತು.