ಇಪ್ಪತ್ನಾಲ್ಕನೇ ಟಕ್

ಈ ವೇದಿಕಿ ಮ್ಯಾಲ ಅಧ್ಯಕ್ಷ ಸ್ಥಾನದಾಗ ಕುಂತಿರುವ, ಮನ್ಯಾಗ ಯಾವ ಮೂಲ್ಯಾಗ ಕುಂತ್ರೂ ಅಧ್ಯಕ್ಷರೇ ಆಗಿರುವ, ನನ್ನ ಹೆಂಡತಿ ಸೂಗಮ್ಮನವರೇ, ಹತ್ತು ವರ್ಷ ನಮ್ಮ ಕಮಲಾಪುರದ ಹೆಣ್ಮಕ್ಕಳಿಗೆ ಹಣ್ಣು ಕೆಡದಂಗ ಬಾಟ್ಲಿಗೆ ತುಂಬಿಡೋದು ಕಲಿಸಿ, ಇವತ್ತ ನಮ್ಮ ಕೈಯಿಂದ ಬಿಡುಗಡಿ ಆಗಾಕತ್ತಿರುವ ಲತೀಫಾ ಟೀಚರ್ರೇ, ಕಲಬುರಗಿಯಿಂದ ಇಂಥಾ ಬಿಸಲಾಗ ಬಂದಿರುವ ಮುಖ್ಯ ಅತಿಥಿ ಪ್ರೊಫೆಸರ್ ಸಾಹೇಬ್ರೇ, ಈಗಷ್ಟೇ ವಾರ್ಷಿಕ ವರದಿ ಓದಿ ನೀರು ಕುಡಿಯಾಕತ್ತಿರುವ ಕಾರ್ಯದರ್ಶಿ ಶೀಲಾ ಅವರೇ, ಹಣ್ಣು-ಕಾಯಿ ಜೋಪಾನ ಸಂಘದ ಎಲ್ಲಾ ಅಕ್ಕ-ತಂಗ್ಯಾರೇ, ಅವರನ್ನ ಕರಕೊಂಡು ಹೋಗಾಕಂತ ಬಂದು ಫ್ಯಾನಿನ ಕೆಳಗ ಜಾಗ ಹಿಡಿದಿರುವ ಗಂಡಸರೇ, ಸಭಿಕರೇ...

ಸಾಹೇಬ್ರ, ಕೈ ತೆಗೀರಿ! ಆ ಬಾಟ್ಲಿ ಮುಟ್ಟಬ್ಯಾಡ್ರಿ! ಮುಚ್ಚಳ ಉಬ್ಬ್ಯಾದ, ಈಗ ಸಿಡೀತದ! ಮುಂದಿನ ಸಾಲಿನವರು ಹಿಂದ ಸರೀರಿ! ಶೀಲಾ, ಏಳವ್ವಾ ಏಳು!

ಕುಂದರ್ರಿ, ಕುಂದರ್ರಿ. ಏನೂ ಆಗಿಲ್ಲ. ಮುಚ್ಚಳ ಉಬ್ಬಿಲ್ಲ, ನಾ ಸುಳ್ಳ ಹೇಳಿದೆ. ಪ್ರೊಫೆಸರ್ ಸಾಹೇಬ್ರ, ಹೂವಿನ ಬುಟ್ಟಿ ಹಿಂದಿಂದ ಹೊರಗ ಬರಬಹುದು. ನಾವು ಹಾರ ಹಾಕೋಕಿಂತ ಮೊದಲ ನೀವೇ ಹಾರಿಬಿಟ್ರಿ. ಅದು ಪೇರಲ ಹಣ್ಣಿನ ಜೆಲ್ಲಿ, ನಿಮ್ಮ ಸಲುವಾಗೇ ಇಟ್ಟಾರ, ಆರಾಮ ತಿನ್ರಿ. ಸೂಗಮ್ಮ, ಹಂಗ ನೋಡಬ್ಯಾಡ. ಮದುವಿ ಆಗಿ ನಲವತ್ತೊಂಬತ್ತು ವರ್ಷ ಆತು, ಇನ್ನೂ ನಿನಗ ಗಾಬರಿ ಆಗ್ತದಂದ್ರ ತಪ್ಪು ನಂದಲ್ಲ.

ನನಗ ಈಗ ಎಪ್ಪತ್ನಾಲ್ಕು. ತ್ವಾಟದಾಗ ಬಾಳಿ ಹಣ್ಣಾಗ್ತಾವ, ಬಾಳಿನಾಗ ನಾ ಹಣ್ಣಾದೆ. ಆದ್ರ ಬುದ್ಧಿ ಇನ್ನೂ ಕಾಯಿ ಅದ ಅಂತ ಮನ್ಯಾಗ ಹೇಳ್ತಾರ. ಚಾ ಕಪ್ಪು ಈ ಕಡಿ ತರಬ್ಯಾಡವ್ವಾ, ಅತಿಥಿಗೆ ಕೊಡು. ನಾ ಚಾ ಬಿಟ್ಟು ನಾಲ್ಕು ವರ್ಷ ಆತು. ಸಕ್ಕರಿ ಕಾಯಿಲಿ ಅಂತ ಊರ ಮಂದಿ ತಿಳಕೊಂಡಾರ, ತಿಳಕೊಳ್ಳಿ.

ನನಗ ಟೀಚರ್ ಬಗ್ಗೆ ಎರಡು ಮಾತಾಡು ಅಂದಾರ. ಎರಡೇ ಮಾತು ಅಂತ ಮೂರು ಸಲ ಹೇಳ್ಯಾರ.

ಹತ್ತು ವರ್ಷದ ಹಿಂದ ನಮ್ಮ ತ್ವಾಟದ ಹಣಿಬರಹ ಏನಿತ್ತು? ಕೆಂಪು ಬಾಳಿಗೆ ಹೆಸರದ, ಗಿರಾಕಿ ಬಂದು ಒಯ್ತಾರ. ಪೇರಲ ಯಾರು ಒಯ್ಬೇಕು? ಗಾಳಿಗೆ ಬಿದ್ದ ಮಾವು ಯಾರು ಒಯ್ಬೇಕು? ನೊಣ ಒಯ್ತಿದ್ವು. ಅಂಥಾ ಟೈಮಿನಾಗ ಕಲಬುರಗಿ ರೋಜಾ ಓಣಿಯಿಂದ ಒಬ್ಬ ಟೀಚರ್ ಬಂದ್ರು. ಹೆಣ್ಮಕ್ಕಳ ಸಾಲ್ಯಾಗ ಅಡಿಗಿ, ಹೊಲಿಗಿ, ಮನಿ ಒಪ್ಪ ಇಡೋದು ಕಲಿಸಿ ರಿಟೈರ್ ಆದವರು. ವಾರಕ್ಕ ಎರಡು ಸಲ ಬಸ್ ಹತ್ತಿ ಬರ್ತೇನಿ, ಜಾಗ ಒಂದು ಕೊಡ್ರಿ ಅಂದ್ರು. ನನ್ನ ಬಾಳಿ ಗೊನಿ ಇಡೋ ತಗಡಿನ ಶೆಡ್ಡು ಕೊಟ್ಟೆ. ಕೊಟ್ಟೆ ಅಂತ ನಾ ಹೇಳ್ತೇನಿ. ಕಸಗೊಂಡೆ ಅಂತ ಸೂಗಮ್ಮ ಹೇಳ್ತಾಳ.

ಮೊದಲನೇ ದಿನನೇ ನಾ ಒಂದು ಕೆಲಸ ಮಾಡಿದೆ. ನಿಮಗ ಗೊತ್ತದ, ಕಲಬುರಗಿ ಬಸ್ಸಿನ ಹಾರ್ನು ನನ್ನ ಗಂಟಲಾಗ ಅದ. ನವಿಲು, ನಲ್ಲಿ, ನಮ್ಮ ಅತ್ತಿ ಕೆಮ್ಮು, ಎಲ್ಲಾ ಅದ. ಪಾಠ ಅರ್ಧಾ ಆಗಿತ್ತು, ಶೆಡ್ಡಿನ ಹಿಂದ ನಿಂತು ಹಾರ್ನ್ ಹೊಡದೆ. ಟೀಚರ್ ಒಂದೇ ಚಪ್ಪಲಿ ಹಾಕ್ಕೊಂಡು ಸ್ಟ್ಯಾಂಡಿನ ತನಕ ಓಡಿದ್ರು. ತಿರುಗಿ ಬಂದು ಸೊಂಟದ ಮ್ಯಾಲ ಕೈ ಇಟ್ಟು ಏನಂದ್ರು? "ಗುರುಲಿಂಗಪ್ಪನೋರೆ, ನನ್ನ ಹತ್ರ ಎಲ್ಲಾ ಸೈಜಿನ ಬಾಟ್ಲಿ ಢಕ್ಕನ್ ಅವ. ನಿಮ್ಮ ಬಾಯಿ ಅಳತೀದು ಒಂದ ಇಲ್ಲ ನೋಡ್ರಿ." ಅವತ್ತಿನಿಂದ ನಾ ಅವರ ಭಕ್ತ.

ಟೀಚರ್ ಕಲಿಸಿದ್ದು ದೊಡ್ಡ ವಿದ್ಯಾ ಅಲ್ಲ ಅಂತ ಅನಿಸ್ತದ. ಬಾಟ್ಲಿ ಕುದಿಸು, ಅಂಚು ಒರಸು, ಲಿಂಬಿ ರಸ ಮರೀಬ್ಯಾಡ, ಬಿಸಿ ಇದ್ದಾಗ ತುಂಬು, ಮುಚ್ಚಳ ಹಾಕಿ ಮತ್ತ ಕುದಿಯೋ ನೀರಾಗ ಮುಳುಗಿಸಿಡು. ಅಷ್ಟ. ಆದ್ರ ಅದೊಂದು ಹುಚ್ಚು ನೋಡ್ರಿ. ನಮ್ಮ ಮನ್ಯಾಗ ಖಾಲಿ ಬಾಟ್ಲಿ ಅಂಬೋದೇ ಉಳೀಲಿಲ್ಲ. ನನ್ನ ಹಲ್ಲಿನ ಸೆಟ್ಟು ಇಡೋ ಗ್ಲಾಸಿಗೂ ಸೂಗಮ್ಮ ಚೀಟಿ ಅಂಟಿಸ್ಯಾಳ, ತಾರೀಖು ಸಮೇತ.

ಆಮ್ಯಾಲ ಆ ಟಕ್ ಬಂತು. ಸಾಹೇಬ್ರಿಗೆ ಗೊತ್ತದ, ಹೊಸಬರಿಗೆ ಹೇಳ್ತೇನಿ. ಬಾಟ್ಲಿ ನೀರಿನಿಂದ ತೆಗದು ಗೋಣಿಚೀಲದ ಮ್ಯಾಲ ಸಾಲಾಗಿ ಇಡ್ತಾರ. ಆರಕೋತ ಹೋದಂಗ ಮುಚ್ಚಳದ ನಡುವಿನ ಉಬ್ಬು ಒಳಗ ಎಳಕೊಂಡು ಟಕ್ ಅಂತದ. ಟಕ್ ಅಂತು, ಗಾಳಿ ಹೋತು, ಬಾಟ್ಲಿ ವರ್ಷ ತಡೀತದ. ಟಕ್ ಅನಲಿಲ್ಲ, ಆ ಬಾಟ್ಲಿ ಅವತ್ತೇ ತಿಂದು ಮುಗಿಸಬೇಕು. ಮರುದಿನ ಬೆರಳಿನಿಂದ ಮುಚ್ಚಳ ಒತ್ತಿ ನೋಡ್ರಿ ಅಂತ ಟೀಚರ್ ಕಲಿಸಿದ್ರು. ನಮ್ಮವರು ಅದಕ್ಕಿಂತ ಚಂದ ಪದ್ಧತಿ ತಾವೇ ಹುಟ್ಟಿಸಿದ್ರು, ಕಿವೀಲೆ ಎಣಿಸೋದು. ಎಷ್ಟು ಬಾಟ್ಲಿಯೋ ಅಷ್ಟು ಹುಣಸಿ ಬೀಜ ಒಂದು ತಾಟಿನಾಗ. ಒಂದು ಟಕ್, ಒಂದು ಬೀಜ ಹೆಬ್ಬೆರಳಿನಿಂದ ಆ ಕಡಿ ಸರಿಸೋದು. ತಾಟು ಖಾಲಿ ಆಗೋ ತನಕ ಯಾರೂ ಮಾತಾಡಂಗಿಲ್ಲ, ಕೆಮ್ಮಂಗಿಲ್ಲ, ಸ್ಟೋವ್ ಹಚ್ಚಂಗಿಲ್ಲ. ಹದಿನೆಂಟು ಹೆಣ್ಮಕ್ಕಳು ಒಂದ ಕೋಣ್ಯಾಗ ಮಾತಿಲ್ಲದ ಕುಂದರೋದು! ಅದನ್ನ ನೋಡಾಕ ನಾ ದಿನಾ ಕಿಡಕಿ ಹೊರಗ ಹೊರಸು ಹಾಕ್ಕೊಂಡು ಕುಂದರ್ತಿದ್ದೆ.

ಬೀಜದ ತಾಟು ಯಾವಾಗಲೂ ಮಸ್ತಾನಬಿ ಕೈಯಾಗ. ಅಲ್ಲಿ ಬಾಗಲ ಹತ್ರ, ಕಡೀ ಸಾಲಿನಾಗ ಕುಂತಾಳ ನೋಡ್ರಿ, ನೀಲಿ ಸೆರಗು. ಹೊಳ್ಳಿ ನೋಡ್ರಿ ಅಂದೆ, ದಿಟ್ಟಿಸಿ ನೋಡ್ರಿ ಅಂದಿಲ್ಲ. ನಾಲ್ಕು ವರ್ಷದ ಮ್ಯಾಲ ಇವತ್ತ ಬಂದಾಳ, ಟೀಚರ್ ಮನೀ ತನಕ ಹೋಗಿ ಕರದಾರ ಅಂತ. ಆಕೀದು ಎಂಥಾ ಕಿವಿ ಅಂದ್ರ, ಕಣ್ಣು ಮುಚ್ಚಿ, "ಈಗ ಬಂದದ್ದು ಎರಡನೇ ಸಾಲಿನ ಕೊನೀದು" ಅಂತಿದ್ದಳು. ಮುಟ್ಟಿ ನೋಡಿದ್ರ ಅದೇ ಇರ್ತಿತ್ತು.

ಈಗ ಶೀಲಾ ಓದಿದ ವರದಿ ಒಳಗ ಒಂದು ಸಾಲು ಬಂತು. "ನಾಲ್ಕು ವರ್ಷಗಳ ಹಿಂದೆ ಒಬ್ಬ ಸದಸ್ಯರ ಅಲಕ್ಷ್ಯದಿಂದ ಸಂಘಕ್ಕೆ ಕೆಟ್ಟ ಹೆಸರು ಬಂದಿತ್ತು." ಹೆಸರು ಓದಲಿಲ್ಲ, ದೊಡ್ಡ ಗುಣ. ಆದ್ರ ಎಲ್ಲರ ಕುತಿಗಿ ಒಂದೇ ಕಡಿ ಹೊಳ್ಳಿದ್ವು. ನಾ ಇಲ್ಲಿಂದ ನೋಡಿದೆ.

ಮತ್ತೊಂದು ಮಾತದ. ಟೀಚರ್ ಮೊಣಕಾಲು ಇನ್ನ ಬಸ್ ಹತ್ತಂಗಿಲ್ಲ. ನಾಳಿಂದ ಕಲಿಸೋರು ಯಾರು? ಟೀಚರ್ ಹೇಳಿದ್ದು ಒಂದೇ ಹೆಸರು, ಮಸ್ತಾನಬಿ. ಇವತ್ತ ಮುಂಜಾನಿ ನಮ್ಮ ಅಂಗಳದಾಗ ಕಮಿಟಿ ಕುಂತು ಏನಂತು? "ಕಲಿಸೋಕೀನೇ ತಪ್ಪು ಎಣಿಸಿದ್ರ ಕಲಿಯೋರ ಗತಿ ಏನ್ರೀ?" ಅಂತು. ಬ್ಯಾರೆ ಹೆಸರು ಬರದಾರ. ಆ ಚೀಟಿ ಈಗ ಸೂಗಮ್ಮನ ಚಸ್ಮಾ ಡಬ್ಬಿ ಒಳಗ ಅದ. ನನ್ನ ಭಾಷಣ ಮುಗದ ಕೂಡಲೇ ಓದ್ತಾಳ. ನಿನಗ್ಹೆಂಗ ಗೊತ್ತು ಅಂತ ಕೇಳಬ್ಯಾಡ ಸೂಗಮ್ಮ, ನಿನ್ನ ಚಸ್ಮಾ ಹುಡುಕಿಕೊಡೋನು ನಾನೇ ಅಲ್ಲೇನು?

ಹಿಂಗಾಗಿ ಆ ದಿನದ ಮಾತು ಜರಾ ಬಿಡಿಸಿ ಹೇಳ್ತೇನಿ. ಎರಡು ಮಾತು ಮುಗದಾವ, ಇದು ಮೂರನೇದು.

ಉರುಸಿನ ದಿನ. ಮಾವಿನ ಸುಗ್ಗಿ ಕಡೀಕ ಬಂದಿತ್ತು. ರೋಜಾದಾಗ ಚಾಂದಪಾಶಾ ಅವರ ಅಂಗಡಿ ಅದ, ಉರುಸಿನ ಗದ್ದಲದಾಗ ಮಾರಾಕ ಇಪ್ಪತ್ನಾಲ್ಕು ಬಾಟ್ಲಿ ಮಾವಿನ ರಸ ಕೇಳಿದ್ರು. ಸಂಘಕ್ಕ ಮೊದಲನೇ ದೊಡ್ಡ ಅಂಗಡಿ ಅದು. ಮನ್ಯಾಗ ಬೀಗರು ಬಂದಾರಂತ ಟೀಚರ್ ಬಂದಿರಲಿಲ್ಲ. ಮಾಲು ನಾಲ್ಕು ಗಂಟಿ ಬಸ್ಸಿಗೆ ಹೋಗಬೇಕು. ಮಧ್ಯಾಹ್ನ ಎರಡಕ್ಕ ಬಾಟ್ಲಿ ಗೋಣಿ ಮ್ಯಾಲ ಇಟ್ರು, ಎಲ್ಲಾರೂ ಬಾಯಿ ಮುಚ್ಚಿ ಕುಂತ್ರು. ಟಕ್, ಟಕ್, ಟಕ್. ಮೂರಾಗೋದ್ರಾಗ ಇಪ್ಪತ್ಮೂರು ಆದ್ವು.

ಆಮ್ಯಾಲ ಸುಮ್ಮ. ಹತ್ತು ನಿಮಿಷ ಸುಮ್ಮ. ಇಪ್ಪತ್ತು ನಿಮಿಷ ಸುಮ್ಮ. ತಾಟಿನಾಗ ಒಂದ ಬೀಜ. ತಗಡಿನ ಶೆಡ್ಡು, ಜೂನ್ ತಿಂಗಳ ಸೆಕಿ, ಯಾರ ಮುಖದಾಗೂ ಜೀವ ಇಲ್ಲ. ನಾ ಹೊರಗ ಹೊರಸಿನ ಮ್ಯಾಲ. ನನ್ನ ಮೂರು ಗಂಟಿ ಚಾ ಇನ್ನೂ ಬಂದಿಲ್ಲ. ಹೆಂಗ ಬರ್ತದ? ಸ್ಟೋವ್ ಹಚ್ಚಂಗಿಲ್ಲಲ್ಲ!

ಮೂರುವರಿಗೆ ಟಕ್ ಅಂತು.

ಮಸ್ತಾನಬಿ ಬೀಜ ಸರಿಸಿದಳು. "ಚೌಬೀಸ್! ಇಪ್ಪತ್ನಾಲ್ಕೂ ಆದ್ವು, ಏಳ್ರಿ" ಅಂದಳು. ಏನು ಗದ್ದಲ, ಏನು ನಗಿ! ಡಬ್ಬಿ ಕಟ್ಟಿದ್ರು, ಸ್ಟೋವ್ ಹಚ್ಚಿದ್ರು. ನನಗ ಚಾ ಬಂತು, ಶುಂಠಿ ಹಾಕಿದ್ದು. ಭಾಳ ಚಲೋ ಇತ್ತು. ಬಸ್ಸೂ ಟೈಮಿಗೆ ಬಂತು. ಬೆರಳಿನಿಂದ ಒತ್ತಿ ನೋಡಾಕ ಮರುದಿನದ ತನಕ ಬಾಟ್ಲಿ ಎಲ್ಲಿದ್ವು?

ಆರನೇ ದಿನಕ್ಕ ಚಾಂದಪಾಶಾ ಅವರ ಅಂಗಡ್ಯಾಗ ಒಂದು ಬಾಟ್ಲಿ ಹುಳಿ ಬಂದು ಮುಚ್ಚಳ ಹಾರಿತು. ಮಾವು ಛತ್ತಿಗೆ, ಫ್ಯಾನಿಗೆ, ಫ್ಯಾನಿನಿಂದ ಗಿರಾಕಿಗಳಿಗೆ. ಚಾಂದಪಾಶಾ ಅವರ ಬಿಳೀ ಗಡ್ಡ ಪೂರಾ ಕೇಸರಿ. ಅವರು ಫೋನ್ ಮಾಡಿ, "ಸೂಗಮ್ಮ ಬೆಹೆನ್, ರಸ ಕೇಳಿದ್ದೆ, ಹೋಳಿ ಕೇಳಿರಲಿಲ್ಲ" ಅಂದ್ರು. ಈ ಕಥಿ ನಾ ಎಷ್ಟು ಹೋಟೆಲಿನಾಗ ಹೇಳೀನೋ ಲೆಕ್ಕ ಇಲ್ಲ. ಕೈ ಆಡಿಸಿ, ಫ್ಯಾನ್ ತಿರುಗಿಸಿ ತೋರಿಸ್ತಿದ್ದೆ. ಮಂದಿ ಹೊಟ್ಟಿ ಹಿಡಕೊಂಡು ನಗ್ತಿದ್ರು. ಎರಡು ತಿಂಗಳು ಹೇಳಿದೆ. ಆಮ್ಯಾಲ ಹೇಳೋದು ಬಿಟ್ಟೆ.

ಯಾಕ ಬಿಟ್ಟೆ? ಶೆಡ್ಡಿನಾಗ ಯಾರೂ ನಗಲಿಲ್ಲ. "ನೀ ಇಪ್ಪತ್ನಾಲ್ಕು ಹೆಂಗ ಎಣಿಸಿದಿ?" ಅಂತ ಕೇಳಿದ್ರು. "ಇಪ್ಪತ್ನಾಲ್ಕು ಕೇಳೀನಿ, ಖುದಾ ಕಸಂ" ಅಂದಳು ಮಸ್ತಾನಬಿ. ಕಿವಿ ಹೋಗ್ಯಾವ ಅಂದ್ರು. ಕಲಬುರಗಿಗೆ ಕಿವಿ ಡಾಕ್ಟರ್ ಹತ್ರ ಕರಕೊಂಡು ಹೋದ್ರು. ಡಾಕ್ಟರ್ ಏನಂದ್ರು? "ಇವರ ಕಿವಿ ನನ್ನ ಕಿವಿಗಿಂತ ಚಲೋ ಅವ" ಅಂದ್ರು. ಅಲ್ಲಿಗೆ ಮುಗೀಬೇಕಲ್ಲ? ಮುಗೀಲಿಲ್ಲ. ಕಿವಿ ಚಲೋ ಇದ್ರ ಸುಳ್ಳ ಹೇಳ್ಯಾಳ ಅಂದಂಗಾತು. ಬಸ್ಸಿನ ಗಡಬಡಿಗೆ ಬೀಜ ಸರಿಸಿಬಿಟ್ಟಾಳ ಅಂದ್ರು. ಮರುದಿನದಿಂದ ಆಕಿ ಬರೋದು ಬಿಟ್ಟಳು.

ನಾ ಶುಕ್ರವಾರ ಶುಕ್ರವಾರ ಆಕಿ ಮನೀ ಬಾಗಲ ಗೂಟಕ್ಕ ಒಂದು ಚಿಪ್ಪು ಕೆಂಪು ಬಾಳಿಹಣ್ಣು ಸಿಗಿಸಿ ಬರ್ತೇನಿ. ಸುಮ್ಮ ಹೇಳಿದೆ. ತ್ವಾಟ ನಂದದ, ಹಣ್ಣು ನಂದಾವ, ಅದರಾಗೇನದ. ಹಿಂಗ ಒಂದು ಶುಕ್ರವಾರ ಸಿಗಸಾಕತ್ತಿದ್ದೆ, ಒಳಗ ಫೋನ್ ರಿಂಗ್ ಆಗಾಕತ್ತಿತು. ಮಸ್ತಾನಬಿ ಹಿತ್ತಲಿಗೆ ಹೋಗಿ ಬಾಜೂ ಮನೀಯವರನ್ನ ಕೇಳಿದಳು. "ಯಾಕವ್ವಾ, ಫೋನ್ ರಿಂಗ್ ಆಗಾಕತ್ತದೇನು? ನನಗ ಹಂಗ ಕೇಳ್ತದೋ, ಖರೇನೇ ಆಗಾಕತ್ತದೋ?"

ಸಭಿಕರೇ, ಎರಡನೇ ಸಾಲಿನ ಕೊನೀ ಬಾಟ್ಲಿ ಗುರುತು ಹಿಡಿಯೋ ಕಿವಿ ಅವು.

ನಾ ಜೀವನಪೂರ್ತಿ ಮಂದಿಗೆ ಸುಳ್ಳ ಹೆದರಿಕಿ ಹಚ್ಚೀನಿ. ಹಾವು ಅಂದೀನಿ, ಬಸ್ಸು ಅಂದೀನಿ, ಇವತ್ತ ಮುಚ್ಚಳ ಅಂದೆ. ಹೆದರಿದವರು ಕುಂತು ನಗ್ತಾರ, ಯಾರಿಗೂ ಲುಕ್ಸಾನಿಲ್ಲ. ಸುಳ್ಳ ಧೈರ್ಯ ಮಾತ್ರ ಒಂದೇ ಒಂದು ಸಲ ಕೊಟ್ಟೀನಿ. ಅದರ ಬೆಲಿ ನಾ ಕಟ್ಟಲಿಲ್ಲ, ಆಕಿ ಕಟ್ಟಿದಳು.

ಈಗ ನಾ ಏನು ಹೇಳಿದ್ರೂ ನೀವು ನಂಬಂಗಿಲ್ಲ. ಮುದುಕಂದು ಇನ್ನೊಂದು ಆಟ ಅಂತೀರಿ. ಹೂವಿನ ಬುಟ್ಟಿ ಹಿಂದ ಹೋಗಿ ಬಂದ ಸಾಹೇಬ್ರಂತೂ ಮೊದಲ ಅಂತಾರ. ನನ್ನ ಮಾತು ನಂಬಬ್ಯಾಡ್ರಿ. ಆಕಿ ಕಿವಿ ನಂಬ್ರಿ. ಜರಾ ಎಲ್ಲಾರೂ ಸುಮ್ಮ ಆಗ್ರಿ. ಆ ಫ್ಯಾನ್ ಬಂದ್ ಮಾಡ್ರಿ. ಶೆಡ್ಡಿನಾಗ ಕುಂದರ್ತಿದ್ರಲ್ಲ, ಹಂಗ ಕುಂದರ್ರಿ. ಮೈಕ್ ಹತ್ರ ತಗೋತೇನಿ.

ಟಕ್.

ಮಸ್ತಾನಬಿ, ತಲಿ ಎತ್ತಿದಿ. ನಿನ್ನ ಹೆಬ್ಬೆರಳು ಸರೀತು. ತೊಡಿ ಮ್ಯಾಲ ತಾಟಿಲ್ಲ, ಬೀಜಿಲ್ಲ, ಆದ್ರೂ ಸರೀತು. ನಾ ಇಲ್ಲಿಂದ ನೋಡಿದೆ. ಟೀಚರ್ರೂ ನೋಡಿದ್ರು.

ನೀ ಕೇಳಿದ್ದು ಖರೇ ಅದವ್ವಾ. ಅವತ್ತ ಇಪ್ಪತ್ನಾಲ್ಕು ಟಕ್ ಆಗಿದ್ವು. ಒಂದೂ ಕಮ್ತಿ ಇಲ್ಲ, ಒಂದೂ ಜಾಸ್ತಿ ಇಲ್ಲ.

ಶೀಲಾ, ಆ ವರದಿ ಒಳಗಿನ "ಒಬ್ಬ ಸದಸ್ಯರ" ಅಂಬೋದು ಹೊಡದು ಹಾಕಿ "ಗುರುಲಿಂಗಪ್ಪನ" ಅಂತ ಬರಿ. ನಾ ಸದಸ್ಯನೂ ಅಲ್ಲ, ಹೊರಗಿನ ಹೊರಸಿನವ. ಸೂಗಮ್ಮ, ಆ ಚಸ್ಮಾ ಡಬ್ಬಿ ತೆಗೆಯೋ ಮೊದಲ ಇನ್ನೊಮ್ಮಿ ಕಮಿಟಿ ಕರಿ. ಮನೀಗೆ ಹೋದ ಮ್ಯಾಲ ನನ್ನ ಏನು ಮಾಡ್ತೀಯೋ ಮಾಡು, ಕುದಿಯೋ ನೀರು ಹೆಂಗೂ ತಯಾರ ಇರ್ತದ.

ಇಷ್ಟೊತ್ತು ಕೇಳಿದ ಅಧ್ಯಕ್ಷರಿಗೆ, ಬಾಟ್ಲಿ ಮುಟ್ಟದೇ ಕುಂತ ಅತಿಥಿಗಳಿಗೆ, ನನ್ನ ಬಾಯಿ ಅಳತಿ ಢಕ್ಕನ್ ಹತ್ತು ವರ್ಷ ಹುಡುಕಿದ ಟೀಚರಿಗೆ, ಫ್ಯಾನ್ ಬಂದ್ ಆದ್ರೂ ಎದ್ದು ಹೋಗದ ಗಂಡಸರಿಗೆ ನನ್ನ ಧನ್ಯವಾದ. ಚಾ ಉಳದಿದ್ರ ಮೊದಲನೇ ಕಪ್ಪು ಕಡೀ ಸಾಲಿಗೆ ಕೊಡ್ರಿ.

ಇಪ್ಪತ್ಮೂರು ಬಾಟ್ಲೀವು. ಇಪ್ಪತ್ನಾಲ್ಕನೇ ಟಕ್ ಈ ನಾಲಿಗೀದು. ಒಂದು ಕಪ್ಪು ಚಾದ ಸಲುವಾಗಿ.

ನಮಸ್ಕಾರ.