ನಟ್ಟು ಬಿಗಿದ ನೆನಪು

ಅಮೆರಿಕದ ಐಡಾಹೊ ರಾಜ್ಯದ ನಮ್ಮೂರಲ್ಲಿ ಜಿಂಕೆ ಬೇಟೆ ಶುರುವಾಗಲು ಇನ್ನೆರಡೇ ದಿನವಿತ್ತು. ಬಂದೂಕು ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಮುದುಕ ಮರ್ಲ್ ಮತ್ತು ಅವನ ಮಗಳು ಡೀನಾ ನಿಂತಿದ್ದರು. ಅವನು ಮನೆಯಲ್ಲೇ ಜೋಡಿಸಿದ ರೈಫಲಿನ, ನಳಿಗೆಯಿರುವ ಮೇಲ್ಭಾಗವನ್ನು ಅವಳು ಟವೆಲಿನಲ್ಲಿ ಸುತ್ತಿ ಹಿಡಿದಿದ್ದಳು.

"ಮೂವತ್ತು ವರ್ಷ ಲೇತ್ ಮೇಲೆ ದುಡಿದೋನು ನಾನು. ನನ್ ಕೆಲ್ಸಾನ ಇನ್ನೊಬ್ಬ ಪರೀಕ್ಷೆ ಮಾಡ್ಬೇಕಾ?"

"ಮೊದಲ್ನೇ ಗುಂಡು ಹಾರ್ಸೋಳು ಟೆಸ್, ಅಪ್ಪ. ನನ್ ಮಗಳ ಕೆನ್ನೆ ಅದಕ್ಕೆ ಒರಗಿರತ್ತೆ."

"ನಂಗೂ ಮೊಮ್ಮಗಳೇ ಅವಳು."

"ಹಂಗಾದ್ರೆ ಹೇಳು. ನಳಿಗೆ ಹಿಡಿದಿಡೋ ನಟ್ಟು ಸರಿಯಾಗಿ ಬಿಗಿದೆ ತಾನೆ?"

"ಬಿಗಿದಿರ್ತೀನಿ."

"ಬಿಗಿದಿರ್ತೀನಿ ಅಂದ್ರೆ ಏನಪ್ಪಾ?"

ಮುದುಕ ಅವಳ ಕೈಯಲ್ಲಿದ್ದ ಟವೆಲಿನ ಗಂಟನ್ನು ನೋಡಿದ.

"ಅಡುಗೆಮನೆ ಮೇಜಿನ್ ಮೇಲೆ ಎಲ್ಲಾ ಹರಡ್ಕೊಂಡು ಕೂತಿದ್ದು ನೆನಪಿದೆ. ಆಮೇಲೆ ನೋಡಿದ್ರೆ ಪೂರ್ತಿ ಜೋಡ್ಸಿತ್ತು. ನಡುವಿಂದು ಏನೂ ನೆನಪಿಲ್ಲ ಕಣೆ."

"ಇದೇ ಮೊದಲ್ನೇ ಸಲಾನಾ?"

"ಅಲ್ಲ. ಹೋದ್ ಭಾನುವಾರ ಚರ್ಚಿಂದ ಟ್ರಕ್ ಓಡಿಸ್ಕೊಂಡು ಮನೆಗೆ ಹೆಂಗ್ ಬಂದೆ ಅಂತಾನೂ ಗೊತ್ತಿಲ್ಲ."

"ಯಾಕಪ್ಪಾ ಹೇಳ್ಲಿಲ್ಲ?"

"ಹೇಳಿದ್ರೆ ಟೆಸ್‌ನ ನನ್ ಜೊತೆ ಕಾಡಿಗೆ ಕಳಿಸ್ತಿದ್ಯಾ?"

ಅಷ್ಟರಲ್ಲಿ ಅಂಗಡಿಯವನು ಕರೆದ. ಮುದುಕ ಟವೆಲಿನ ಗಂಟನ್ನು ಮಗಳಿಂದ ತೆಗೆದುಕೊಂಡು ತಾನೇ ಮುಂದೆ ಹೋದ.

"ಇದು ನಾನ್ ಜೋಡ್ಸಿದ್ದು. ಪೂರ್ತಿ ಬಿಚ್ಚಿ ನೋಡಪ್ಪ. ನನ್ ಮೇಲೆ ನಂಗೇ ನಂಬಿಕೆ ಇಲ್ಲ."

ಚೀಟಿ ಬರೆಸಿಕೊಂಡು ಇಬ್ಬರೂ ಹೊರಟರು. ಬಾಗಿಲ ಬಳಿ ಅವನು ಜೇಬಿನಿಂದ ಟ್ರಕ್ಕಿನ ಕೀಲಿ ತೆಗೆದು ಡೀನಾಳ ಕೈಗಿಟ್ಟ.