ಮಾಳಿಗೆ ಮೇಲಿಂದ ಎಮ್ಮೆ ನೋಡಿದ ಡಾಕ್ಟರು

ವೇದಿಕೆಯ ಮೇಲಿನ ಹಿರಿಯರೇ, ದೇವದುರ್ಗದಿಂದ, ಮಾನ್ವಿಯಿಂದ ಬಸ್ಸು ಹಿಡಿದು ರಾಯಚೂರಿಗೆ ಬಂದಿರುವ ಬಂಧುಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ದುರುಗೇಶರ ಮಡದಿ ಯಶೋಧಾ ವೈನಿ, ಮಗಳು ಅಂಬಿಕಾ — ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಡಾಕ್ಟರ್ ದುರುಗೇಶರ ಫೋಟೋಕ್ಕೆ ಹೂ ಹಾಕಿ ಬಂದೆ. ಫೋಟೋದಲ್ಲಿ ಬಹಳ ಗಂಭೀರವಾಗಿದ್ದಾರೆ. ಇದು ಅವರ ಮುಖವಲ್ಲ — ಆಧಾರ್ ಕಾರ್ಡಿನ ಮುಖ. ಅವರ ಅಸಲಿ ಮುಖ ನೋಡಬೇಕಿದ್ದರೆ ಕೈಗೊಂದು ಪ್ರಶ್ನೆ ಕೊಡಬೇಕಿತ್ತು. ಹುಬ್ಬು ಮೇಲೆ, ಕನ್ನಡಕ ಕೆಳಗೆ — ಹೀಗೆ.

ಮಾನ್ವಿಯ ಪಶು ಆಸ್ಪತ್ರೆಯಲ್ಲಿ ನಾವಿಬ್ಬರೂ ಒಂದೇ ಮೇಜಿನ ಎರಡು ಬದಿಯ ವೈದ್ಯರು. ಅವರನ್ನು ಕಾಡಿದ ಪ್ರಶ್ನೆ ಬಹಳ ಸರಳ: ಎಮ್ಮೆಗೆ ಎಷ್ಟು ನೋವಿದೆ? ಎಮ್ಮೆ ಹೇಳುವುದಿಲ್ಲ. ನಾವೇ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕಿ ಹಾಕಬೇಕು. ಸೊನ್ನೆ ಎಂದರೆ ಆರಾಮ, ಹತ್ತು ಎಂದರೆ ದೇವರೇ ಗತಿ. ದುರುಗೇಶರು ಕೇಳುತ್ತಿದ್ದರು — "ನೋವು ಎಮ್ಮಿದು, ಅಂಕಿ ನಮ್ಮದು. ಆ ನೋವಿನಾಗ ನಾವು ಎಷ್ಟು ಅದೀವಿ?"

ಅದೇ ಹೊತ್ತಿಗೆ ಸಂಘಮಿತ್ರಾ ಹೊಸದಾಗಿ ಕೆಲಸಕ್ಕೆ ಸೇರಿದರು. ಅಗೋ, ಅಲ್ಲಿ ಕುಳಿತಿದ್ದಾರೆ. ಆಕಳಿಸುವ ಕತ್ತೆಗೂ ಏಳು ಅಂಕಿ ಕೊಡುವ ಕರುಣಾಮಯಿ. ದುರುಗೇಶರೋ — ಕಾಲು ಮುರಿದ ಎತ್ತಿಗೂ ಮೂರರ ಮೇಲೆ ಕೈ ಎತ್ತದವರು.

"ಸಂಘಮಿತ್ರಾ, ನಿನ್ನ ಕೈಯಾಗ ಎಸ್ಸೆಸ್ಸೆಲ್ಸಿ ಪೇಪರ್ ಕೊಟ್ರ ಇಡೀ ರಾಜ್ಯನ ಪಾಸಾಗ್ತದವ್ವಾ."

"ನಿಮ್ಮ ಕೈಯಾಗ ಕೊಟ್ರ ಎಲ್ಲಾ ಸಾಲಿ ಮುಚ್ಚಬೇಕಾಗ್ತದ್ರೀ ಸರ್."

ಇಂಥದ್ದರಲ್ಲಿ ಶಹಜಾದಿ ಬೇಗಂ ಅವರ ಎಮ್ಮೆ ಮೇವು ಬಿಟ್ಟಿತು. ಮಾನ್ವಿ ಬಸ್ ನಿಲ್ದಾಣದ ಚಹಾ ಅಂಗಡಿಗಳಿಗೆಲ್ಲ ಆ ಎಮ್ಮೆಯದೇ ಹಾಲು. ಆ ಮನೆಯ ಒಲೆ ಉರಿಯುವುದೂ ಆ ಹಾಲಿನಿಂದಲೇ. ಕರುವಾಗಿದ್ದಾಗಿನಿಂದ ಈ ಎಮ್ಮೆಯನ್ನು ಬಲ್ಲೆ ಎನ್ನುತ್ತ ದುರುಗೇಶರು ಹೋದರು, ನೋಡಿದರು. ತಲೆ ಎತ್ತಿದೆ, ಕಿವಿ ನಿಮಿರಿದೆ, ನಾಲ್ಕು ಕಾಲ ಮೇಲೆ ಕಂಬದ ಹಾಗೆ ನಿಂತಿದೆ. ನೋವು ಒಂದು, ಸಣ್ಣ ಅಜೀರ್ಣ ಎಂದರು. ಅವರಿಗಿಂತ ಮೊದಲೇ ಹೋಗಿ ಬಂದಿದ್ದ ಸಂಘಮಿತ್ರಾ ಎಂಟು ಎಂದರು. ಮನೆಯ ಯಜಮಾನತಿ ಇಬ್ಬರನ್ನೂ ತಳ್ಳಿಹಾಕಿದರು.

"ಇದಕ್ಕ ನೋವೂ ಇಲ್ಲ, ಗೀವೂ ಇಲ್ಲ ಸಾಬ್. ಕರ ಮಾರಿದ್ದಕ್ಕ ಸಿಟ್ಟು. ನಮ್ಮ ಸೊಸಿ ಹಂಗ ಮಾರಿ ತಿರುವಿ ನಿಂತದ. ನಾಡದು ಸಂತಿಗಿ ಹೊಡದುಬಿಡ್ತೀನಿ."

ಹಾಲು ಬತ್ತಿದ ಎಮ್ಮೆ ಸಂತೆಗೆ ಹೋದರೆ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತು. ಆ ಒಲೆಯ ಗತಿಯೂ ಗೊತ್ತು.

ಎಮ್ಮೆ ಒಂದು, ಉತ್ತರ ಮೂರು. ಯಾರದು ತಪ್ಪು ಎಂದು ನಾನು ಕೇಳಿದೆ. "ತಪ್ಪು ಆಮ್ಯಾಲ ಹುಡುಕೋಣು, ತಡಿಯೋ. ಒಂದ ಎಮ್ಮಿ ಮೂರು ಥರ ಹೆಂಗ ಕಾಣ್ತು?" ಎಂದವರೇ ಸಂಘಮಿತ್ರಾ ಕಡೆ ತಿರುಗಿದರು. "ಎಲ್ಲಿ ನಿಂತು ನೋಡಿದ್ಯವ್ವಾ ನೀನು?"

ಹುಡುಗಿ ನೆಲ ನೋಡಿತು. "ಗೇಟಿನ ಹೊರಗ್ರೀ ಸರ್. ಕೊಂಬು ನೋಡಿ ಒಳಗ ಹೋಗಾಕ ಅಂಜಿಕಿ ಆತು."

ನಾನು ನಕ್ಕೆ. ದುರುಗೇಶರು ನಗಲಿಲ್ಲ — ಹುಬ್ಬು ಮೇಲೆ, ಕನ್ನಡಕ ಕೆಳಗೆ.

"ಲೇ, ಕರ ಇದ್ದಾಗಿಂದ ಈ ಎಮ್ಮಿನ ನೋಡೀನಿ ಅಂತಿದ್ನಲ್ಲ — ಕರ ಇದ್ದಾಗಿಂದ ಅದೂ ನನ್ನ ನೋಡ್ಯದಲ್ಲೋ!"

ಮೇಯುವ ಪ್ರಾಣಿ ಅಪಾಯ ಹತ್ತಿರ ಬಂದರೆ ನೋವನ್ನು ಮುಚ್ಚಿಡುತ್ತದೆ. ಕುಂಟುವುದು ತೋಳನ ಕಣ್ಣಿಗೆ ಬಿದ್ದರೆ ಮುಗಿಯಿತಲ್ಲ. ಸೂಜಿ ಚುಚ್ಚಿಸಿಕೊಂಡ ಎಮ್ಮೆಯ ಲೆಕ್ಕದಲ್ಲಿ ನಾವು ಯಾರು? ಸ್ಟೆತಾಸ್ಕೋಪು ಹಾಕಿಕೊಂಡ ತೋಳಗಳು! ಅನುಭವ ಹೆಚ್ಚಾದ ಹಾಗೆ ನಮಗೆ ಕೊಂಬು ಮೂಡುತ್ತದೆ ಎನ್ನುವುದು ಹಳೆಯ ಮಾತು. ಆ ಕೊಂಬು ಮೊದಲು ಎಮ್ಮೆಗೇ ಕಾಣುತ್ತದೆ ಎಂಬುದು ದುರುಗೇಶರ ಶೋಧ.

ಮರುದಿನ ಅವರು ತಮ್ಮ ಸ್ಕೂಟರನ್ನು ಆಸ್ಪತ್ರೆಯ ಜವಾನ ಮೌಲಾಹುಸೇನನ ಕೈಗೆ ಕೊಟ್ಟರು, ಬದಲಿಗೆ ಅವನ ಲುಂಗಿ, ಅಂಗಿ ತೊಟ್ಟುಕೊಂಡರು — ಔಷಧದ ವಾಸನೆ ಬರಬಾರದಲ್ಲ. ಹಿಂದಿನ ಸಂದಿಯಿಂದ ನಾವು ಮೂವರೂ ಶಹಜಾದಿ ಬೇಗಂ ಅವರ ಮಾಳಿಗೆ ಏರಿದೆವು. ಮಾಳಿಗೆ ತುಂಬ ಒಣಮೆಣಸಿನಕಾಯಿ. ಮೂಗಿಗೆ ಖಾರ ಏರಿ ದುರುಗೇಶರು ಎರಡೂ ಕೈಯಿಂದ ಸೀನು ತಡೆಯುತ್ತ — ಹೀಗೆ — ಬಗ್ಗಿ ಕುಳಿತರು. ಅಷ್ಟರಲ್ಲಿ ಬೇಗಂ ಮೇಲೆ ಬಂದರು.

"ಡಾಕ್ಟರ್ ಸಾಬ್, ಎಮ್ಮಿ ಕೆಳಗದ! ಮ್ಯಾಲ ಏನು ನೋಡಾಕತ್ತೀರಿ?"

"ಸುಮ್ಕಿರವ್ವಾ. ನಾ ಬಂದೇ ಇಲ್ಲ."

ಕೆಳಗೆ ಎಮ್ಮೆ ಒಂಟಿಯಾಗಿತ್ತು. ಬೆನ್ನು ಬಿಲ್ಲಾಗಿತ್ತು. ಮುಂಗಾಲ ಮೊಣಕೈಗಳನ್ನು ಮೈಯಿಂದ ದೂರ ಹಿಡಿದಿತ್ತು. ಮಲಗಲೆಂದು ಮಂಡಿ ಬಗ್ಗಿಸಿತು — ನಿಲ್ಲಿಸಿತು — ನರಳಿತು — ಮತ್ತೆ ಎದ್ದು ನಿಂತಿತು. ಆಗ ಗಲ್ಲಿಯ ಕೊನೆಯಲ್ಲಿ, ಮೊದಲೇ ಹೇಳಿಟ್ಟಿದ್ದಂತೆ, ಮೌಲಾಹುಸೇನ ಸ್ಕೂಟರಿನ ಕಿಕ್ ಹೊಡೆದ.

ಅಬ್ಬಾ! ಕಿವಿ ನಿಮಿರಿತು, ಬೆನ್ನು ನೆಟ್ಟಗಾಯಿತು. ಹೆಡ್‌ಮಾಸ್ತರು ಬಂದಾಗ ಕೊನೆಯ ಬೆಂಚಿನ ಹುಡುಗ ನಿಲ್ಲುತ್ತಾನಲ್ಲ, ಥೇಟ್ ಹಾಗೆ.

ದುರುಗೇಶರು ಇಳಿದು ಬಂದು ಎಲ್ಲರೆದುರು ಹೇಳಿದರು. "ಸಂತಿಗಿ ಹೊಡೀಬ್ಯಾಡವ್ವಾ. ನಾ ಹೇಳಿದ್ದು ತಪ್ಪು. ಈ ಹುಡುಗಿ ಹೇಳಿದ್ದು ಖರೇ."

"ನಿನ್ನೆ ಒಂದ ಅಂದ್ರಿ, ಇವತ್ತು ಎಂಟ ಅಂತೀರಿ. ಯಾವ ಮಾತು ನಂಬ್ಲಿ ಸಾಬ್?"

"ನಾ ಇಲ್ಲದಾಗ ಎಮ್ಮಿ ಹೇಳಿದ್ದನ್ನ ನಂಬು."

ಬೇಗಂ ಎಮ್ಮೆಯ ಹಗ್ಗ ಬಿಚ್ಚಿದರು. ಆಮೇಲೆ ಹಗ್ಗವನ್ನು ವ್ಯಾಪಾರಿಯ ಬದಲು ನಮ್ಮ ಕೈಗೆ ಕೊಟ್ಟರು. ಹೊಟ್ಟೆ ಕೊಯ್ದಾಗ ಸಿಕ್ಕಿದ್ದು ಮೇವಿನ ಜೊತೆ ನುಂಗಿದ್ದ ತಂತಿಯ ತುಂಡು. ಇನ್ನಷ್ಟು ಸರಿದಿದ್ದರೆ ಗುಂಡಿಗೆಗೇ ಚುಚ್ಚುತ್ತಿತ್ತು. ಎಮ್ಮೆ ಉಳಿಯಿತು, ಹಾಲು ಮರಳಿತು. ದುರುಗೇಶರನ್ನು ಕಂಡರೆ ಹಾಯಲು ಬರುವುದು ಮಾತ್ರ ಅದು ಬಿಡಲಿಲ್ಲ.

ಹಾಗೆಂದು ಹೊಸ ಕಣ್ಣೇ ಸರಿ ಎಂದು ಅವರು ತೀರ್ಪು ಕೊಡಲಿಲ್ಲ. "ಆ ಕತ್ತಿ ಬರೇ ಆಕಳಿಸಿತ್ತು, ನೆನಪಿರ್ಲಿ" ಎನ್ನುತ್ತಿದ್ದರು. ಅಂದಿನಿಂದ ನಮ್ಮಲ್ಲೊಂದು ಪದ್ಧತಿ ಬಂತು: ಹೊಸಬರು ದೂರದಿಂದ, ಹಳಬರು ಹತ್ತಿರದಿಂದ ನೋಡಬೇಕು, ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ ಇನ್ನೊಬ್ಬರ ಅಂಕಿ ಇಣುಕಬಾರದು, ಕೊನೆಗೆ ಇಬ್ಬರೂ ಒಟ್ಟಿಗೆ ಬಾಯಿ ಬಿಡಬೇಕು. ಅಂಕಿ ತಾಳೆಯಾಗದಿದ್ದರೆ ಅವರಿಗೆ ಹಬ್ಬ!

ಈಗ ಸಂಘಮಿತ್ರಾ ಹಳಬರಾಗಿದ್ದಾರೆ. ಅವರ ಎಂಟು ಐದಕ್ಕೆ ಇಳಿದಿದೆ. ಅವರ ಸ್ಕೂಟಿ ಸಪ್ಪಳಕ್ಕೂ ಮಾನ್ವಿಯ ಎಮ್ಮೆಗಳು ಬೆನ್ನು ನೆಟ್ಟಗೆ ಮಾಡುತ್ತವೆ. ನೋವು ಕಡಿಮೆಯಾಯಿತೋ, ಕಾಣುವುದು ಕಡಿಮೆಯಾಯಿತೋ — ದುರುಗೇಶರಿಗೆ ಕೊನೆಯವರೆಗೂ ಇದೇ ಕುತೂಹಲ. ಕೊನೆಯ ಸಲ ಭೇಟಿಯಾದಾಗ ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. "ಆ ಹುಡುಗಿಗಿ ಒಬ್ಬರು ಹೊಸಬರನ್ನ ಜೋಡಿ ಮಾಡ್ರೋ" ಎಂದರು. ಅಷ್ಟೇ.

ಆದ್ದರಿಂದ ಇಲ್ಲಿರುವ ಹಳಬರಲ್ಲಿ ನನ್ನದೊಂದು ಬಿನ್ನಹ. ನಿಮ್ಮಲ್ಲಿಗೆ ಹೊಸಬರು ಬರುತ್ತಾರೆ, ಅಂಜಿ ಗೇಟಿನ ಹೊರಗೇ ನಿಲ್ಲುತ್ತಾರೆ. ನಗಬೇಡಿ, ಕೈ ಹಿಡಿದು ಒಳಗೆ ಎಳೆಯಬೇಡಿ. ಅಲ್ಲಿಂದ ಏನು ಕಂಡಿತು ಎಂದು ಮೊದಲು ಕೇಳಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಪಕ್ಕದವರ ಮುಖ ನೋಡಿ ನಿಮ್ಮ ದುಃಖಕ್ಕೆ ಅಂಕಿ ಹಾಕಿಕೊಳ್ಳಬೇಡಿ — ಅವರವರದು ಅವರವರಿಗೇ ಇರಲಿ. ಸ್ವಲ್ಪ ಹೊತ್ತು, ಯಾರೂ ಏನೂ ಹೇಳದೆ, ನಿಲ್ಲೋಣ.